ಮಾವನ ಲೇತು, ನನ್ನ ಎಕ್ಸೆಲ್ಲು ಮತ್ತು ಒಂದು ಬುಷ್ಷಿನ ಬೆಲೆ

ಬರೆಯದೆ ಬಹಳ ದಿನವಾಯ್ತು. ಆಫೀಸು, ಮಗಳ ಪರೀಕ್ಷೆ, ಸೋಮಾರಿತನ.. ಕಾರಣಗಳಿಗೇನು ಬರ? ಈ ಸಲ ಊರಿಗೆ ಹೋಗಿ ಬಂದ ಮೇಲೆ ಒಂದು ವಿಷಯ ತಲೆ ಕೊರೆಯುತ್ತಿದೆ. ಬರೆದು ಇಳಿಸಿಕೊಳ್ಳದಿದ್ದರೆ ಸಮಾಧಾನವಿಲ್ಲ. ಲೆಕ್ಕದ ವಿಷಯ. ಲೆಕ್ಕ ಅಂದ ಕೂಡಲೇ ಎದ್ದು ಓಡುವವರು ಇಲ್ಲಿ ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು :) ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಬಿಟ್ಟರೆ ಇದರಲ್ಲಿ ಬೇರೇನೂ ಇಲ್ಲ. ಸ್ವಲ್ಪ ತಾಳಿಕೊಳ್ಳಿ.

ಸುಂಟಿಕೊಪ್ಪದ ಹತ್ತಿರ ನಮ್ಮ ಸೋದರಮಾವನದ್ದೊಂದು ಸಣ್ಣ ವರ್ಕ್‌ಶಾಪ್ ಇದೆ. ತಗಡಿನ ಶೆಡ್ಡು, ಒಂದು ವೆಲ್ಡಿಂಗ್ ಸೆಟ್ಟು, ಒಂದು ಡ್ರಿಲ್ಲಿಂಗ್ ಮಷೀನು, ಮತ್ತೆ ಮನೆದೇವರ ಹಾಗೆ ಮಧ್ಯದಲ್ಲಿ ಒಂದು ಹಳೇ ಕಿರ್ಲೋಸ್ಕರ್ ಲೇತು. ಹರಿಹರದಲ್ಲಿ ಅದನ್ನು ಮಾಡಿದ ಕಾರ್ಖಾನೆಯೇ ಈಗ ಇಲ್ಲ, ಲೇತು ಮಾತ್ರ ಇನ್ನೂ ಓಡುತ್ತಿದೆ. ಅದನ್ನು ಓಡಿಸುವ ಟರ್ನರ್‌ನನ್ನು ಎಲ್ಲರೂ ‘ಲೇತಿನ ಹುಡುಗ’ ಅನ್ನುತ್ತಾರೆ. ಹುಡುಗನಿಗೆ ಈಗ ನಲವತ್ತೈದು ವರ್ಷ, ಇಬ್ಬರು ಮಕ್ಕಳು.

ಕೊಡಗಿನಲ್ಲಿ ಇಂಥ ವರ್ಕ್‌ಶಾಪಿನ ಅನ್ನ ಅಂದರೆ ಕಾಫಿ. ತೋಟದಲ್ಲಿ ಹಣ್ಣು ಕೊಯ್ದ ದಿನವೇ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಬೇಕು. ರಾಶಿ ಹಾಕಿ ಬಿಟ್ಟರೆ ಹುಳಿ ಬರುತ್ತದೆ, ಪಾರ್ಚ್‌ಮೆಂಟಿನ ಗುಣ ಕೆಡುತ್ತದೆ, ರೇಟೂ ಬೀಳುತ್ತದೆ. ಹಾಗಾಗಿ ಪಲ್ಪರ್ ಕೈಕೊಟ್ಟರೆ ತೋಟದವರು ರಾತ್ರಿ ಹನ್ನೊಂದು ಗಂಟೆಗೂ ಜೀಪಿನಲ್ಲಿ ಬಂದು ಬಾಗಿಲು ತಟ್ಟುತ್ತಾರೆ. ಒಂದು ಕಾಲದಲ್ಲಿ ಈ ಯಂತ್ರಗಳು ಅಬರ್ಡೀನಿನ ಮೆಕಿನನ್, ಲಂಡನ್ನಿನ ಜಾನ್ ಗಾರ್ಡನ್ ಅಂಥ ಕಂಪನಿಗಳಿಂದ ಹಡಗಿನಲ್ಲಿ ಬರುತ್ತಿದ್ದವು. ಈಗ ಇಲ್ಲೇ ಮಾಡುತ್ತಾರೆ. ಹೊಸದರಲ್ಲಿ ಬಾಲ್ ಬೇರಿಂಗ್ ಇರುತ್ತದೆ. ಹಳೇ ಪಲ್ಪರ್‌ಗಳಲ್ಲಿ ಡ್ರಮ್ಮಿನ ಶಾಫ್ಟು ಗನ್‌ಮೆಟಲ್ ಬುಷ್ಷಿನೊಳಗೆ ತಿರುಗುತ್ತದೆ. ನೀರು, ಮಣ್ಣು, ಲೋಳೆ ಸೇರಿ ಅದು ಸವೆಯುತ್ತದೆ. ಸವೆದರೆ ಶಾಫ್ಟು ಅಲುಗಾಡುತ್ತದೆ, ಅಲುಗಾಡಿದರೆ ಬೀಜ ಜಜ್ಜಿ ಹೋಗುತ್ತದೆ. ಒಂದು ಬುಷ್ಷಿನ ಮಹಿಮೆ ಇಷ್ಟು.

ಮೇ ತಿಂಗಳಲ್ಲಿ ನಾನು ಊರಲ್ಲಿದ್ದಾಗ ಮಾವ ಒಂದು ಕಾಗದ ತಂದು ನನ್ನ ಮುಂದೆ ಹಿಡಿದರು. ಮೂರು ಜಿಲ್ಲೆಗೆ ಪಲ್ಪರ್ ಬಿಡಿಭಾಗ ಮಾರುವ ಒಬ್ಬ ಡೀಲರ್ ಕಳಿಸಿದ್ದು. ವರ್ಷಕ್ಕೆ 200 ಬುಷ್ ಬೇಕಂತೆ, ತಿಂಗಳಿಗೆ ಹದಿನೈದು ಇಪ್ಪತ್ತರಂತೆ. ಒಂದಕ್ಕೆ 1,300 ರೂಪಾಯಿ, ಜಿಎಸ್‌ಟಿ ಬಿಟ್ಟು. ಹಣ 90 ದಿನಕ್ಕೆ.

"ಒಪ್ಪಬಹುದಾ ಮಾರಾಯ? ನೀನು ಬೆಂಗಳೂರಲ್ಲಿ ಇದೇ ಕೆಲಸ ಅಲ್ವಾ ಮಾಡೋದು?"

ಹೌದು, ನಾನು ಇದೇ ಕೆಲಸ ಮಾಡುವುದು. ಬೇರೆಯವರು ಮಾಡಿಕೊಡುವ ಭಾಗಗಳಿಗೆ ಎಷ್ಟು ಖರ್ಚಾಗಬೇಕು ಅಂತ ಲೆಕ್ಕ ಹಾಕಿ, "ನೀವು ಕೇಳಿದ್ದು ಜಾಸ್ತಿಯಾಯ್ತು" ಅಂತ ಹೇಳುವುದು. ಹದಿನೈದು ವರ್ಷದಿಂದ ಮೇಜಿನ ಆ ಕಡೆ ಕೂತವನು. ಈ ಕಡೆ ಕೂತು ಲೆಕ್ಕ ಹಾಕಿದ್ದು ಇದೇ ಮೊದಲು.

"200 ಪೀಸ್ ಗ್ಯಾರಂಟಿ ಇದ್ರೆ ಕೊಯಮತ್ತೂರಿಂದ ಇನ್ನೊಂದು ಸೆಕೆಂಡ್ ಹ್ಯಾಂಡ್ ಲೇತು ತರೋಣ ಅಂತ. ಬ್ಯಾಂಕಿನವರು ಆರ್ಡರ್ ಕಾಗದ ತೋರಿಸಿದ್ರೆ ಸಾಲ ಕೊಡ್ತೇವೆ ಅಂದ್ರು" ಅಂದರು ಮಾವ. ಅತ್ತೆ ಅಡುಗೆಮನೆಯಿಂದ ಇಣುಕಿ ನನ್ನ ಮುಖ ನೋಡಿದರು. ಅವರ ಕತ್ತಿನ ಸರವೇ ಒಂದು ಸಲ ಅಡವಿಟ್ಟು ಬಿಡಿಸಿಕೊಂಡ ಸರ. ಇದು ಎಕ್ಸೆಲ್ ಶೀಟಿನ ಆಟವಲ್ಲ ಅಂತ ನನಗೆ ಅರ್ಥವಾಯ್ತು.

ಸರಿ, ಬುಷ್ಷಿನ ಅಳತೆ ಹೇಳಿಬಿಡುತ್ತೇನೆ. ಹೊರಗೆ 60 ಮಿಲಿಮೀಟರ್, ಒಳಗೆ 40, ಉದ್ದ 70. ಮುಗಿದ ಮೇಲೆ ತೂಕ ಹೆಚ್ಚುಕಡಿಮೆ 960 ಗ್ರಾಂ. ಎರಕ ಹೊಯ್ದು ಬರುವಾಗ ಸುತ್ತ ಮೂರು ಮಿಲಿಮೀಟರ್ ಹೆಚ್ಚು ಇರುತ್ತದೆ, ಹಾಗಾಗಿ ಎರಕದ ತೂಕ 1.66 ಕಿಲೋ. ಅಂದರೆ ಲೇತಿನ ಮೇಲೆ 700 ಗ್ರಾಂ ಚೂರಾಗಿ ಕೆಳಗೆ ಬೀಳುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ.

ಮೊದಲು ಮಾವನ ಲೆಕ್ಕ. ಅವರದ್ದು ಹಳೇ ಪದ್ಧತಿ: ಹೋದ ಸಲ ಇಂಥದ್ದೇ ಒಂದು ಮಾಡಿದ್ದಕ್ಕೆ ಎಷ್ಟು ತಗೊಂಡೆ? ಹೋದ ಸೀಸನ್ನಿನಲ್ಲಿ 1.2 ಕಿಲೋ ತೂಗುವ ಒಂದು ಬುಷ್ ಮಾಡಿ 2,200 ತೆಗೆದುಕೊಂಡಿದ್ದರು. ಇದು ಅದಕ್ಕಿಂತ ಚಿಕ್ಕದು, ತೂಕದ ಪ್ರಮಾಣದಲ್ಲಿ ಇಳಿಸಿದರೆ 1,750. ನಗಬೇಡಿ, ಇದಕ್ಕೆ ನಮ್ಮ ಪುಸ್ತಕಗಳಲ್ಲಿ ದೊಡ್ಡ ಹೆಸರೇ ಇದೆ. ಹೋಲಿಕೆಯ ಅಂದಾಜು ಅಂತ ಕನ್ನಡದಲ್ಲಿ ಹೇಳಬಹುದು. ತೋಟ ಗುತ್ತಿಗೆ ಹಿಡಿಯುವವನೂ, ಮದುವೆ ಅಡುಗೆ ಭಟ್ಟರೂ ಲೆಕ್ಕ ಹಾಕುವುದು ಹೀಗೇ. ತಕ್ಷಣ ಉತ್ತರ ಬರುತ್ತದೆ, ಹೆಚ್ಚಾಗಿ ಸರಿಯೂ ಇರುತ್ತದೆ. ಆದರೆ ಹೋಲಿಸಿದ ವಸ್ತು ನಿಜಕ್ಕೂ ಹೋಲುವಂಥದ್ದಾಗಿರಬೇಕು. ಆ 2,200 ಒಂದೇ ಒಂದು ಪೀಸಿನ ಬೆಲೆ, ಅದೂ ತೋಟದವರು ಎದುರಿಗೇ ನಿಂತು ಅವಸರ ಮಾಡುತ್ತಿದ್ದಾಗ. 200 ಪೀಸಿಗೆ ಅದೇ ರೇಟು ಕೇಳಿದರೆ ಡೀಲರ್ ಬೇರೆ ಕಡೆ ಹೋಗುತ್ತಾನೆ.

ಎರಡನೆಯದು ನನ್ನ ಆಫೀಸಿನ ಲೆಕ್ಕ. ನೂರಾರು ಭಾಗಗಳ ಹಳೇ ಬೆಲೆ ಕಲೆಹಾಕಿ, ತೂಕ, ಅಳತೆ ಇಂಥದ್ದನ್ನು ಬೆಲೆಗೆ ಜೋಡಿಸಿ ಒಂದು ಸೂತ್ರ ಮಾಡುವುದು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ವಿಮಾನದ ಬೆಲೆಯನ್ನು ನಕ್ಷೆಯ ಹಂತದಲ್ಲೇ ಹೇಳಬೇಕಾಗಿ ಬಂದಾಗ ರ‍್ಯಾಂಡ್ ಸಂಸ್ಥೆಯವರು ಇಂಥ ಸೂತ್ರಗಳನ್ನು ಬೆಳೆಸಿದರು. ವಸ್ತು ಇನ್ನೂ ಹುಟ್ಟಿರದಿದ್ದರೂ ಬೆಲೆ ಹೇಳಿಬಿಡಬಹುದು, ಅದು ಇದರ ಬಲ. ನನ್ನ ಹತ್ತಿರ ಇದ್ದ ಸೂತ್ರದ ಪ್ರಕಾರ ಮುಗಿದ ಗನ್‌ಮೆಟಲ್ ಬುಷ್ಷಿಗೆ ಕಿಲೋಗೆ 1,350 ರೂಪಾಯಿ. 960 ಗ್ರಾಮಿಗೆ 1,296.

1,296! ಡೀಲರ್ ಕೊಟ್ಟದ್ದು 1,300. ನನಗೆ ಒಂದು ಕ್ಷಣ ಬೆನ್ನು ತಣ್ಣಗಾಯ್ತು. ಎಲ್ಲೋ ನನ್ನಂಥವನೇ ಒಬ್ಬ ನನ್ನದೇ ಥರದ ಸೂತ್ರ ಹಿಡಿದು ಕೂತು ಮಾವನ ಬೆಲೆ ನಿಗದಿ ಮಾಡಿದ್ದಾನೆ. ಎರಡು ಲೆಕ್ಕ ತಾಳೆಯಾಯ್ತು ಅಂದ ಮೇಲೆ ಬೆಲೆ ಸರಿ ಇರಬೇಕಲ್ಲ? ಬೇರೆ ಯಾರಾದರೂ ಕೇಳಿದ್ದರೆ ನಾನೂ ಹಾಗೇ ಹೇಳಿಬಿಡುತ್ತಿದ್ದೆನೇನೋ. ಆದರೆ ಆ ಸೂತ್ರ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ದೊಡ್ಡ ಊರುಗಳ ಸಿಎನ್‌ಸಿ ಮಷೀನುಗಳಲ್ಲಿ, ಒಂದೇ ಸಲಕ್ಕೆ ಸಾವಿರಗಟ್ಟಲೆ ಮಾಡಿದ ಬುಷ್ಷುಗಳಿಂದ ಬಂತು. ಸುಂಟಿಕೊಪ್ಪದ ಕಿರ್ಲೋಸ್ಕರ್ ಲೇತು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಹಾಗಾಗಿ ಮೂರನೇ ಲೆಕ್ಕ, ಬುಡದಿಂದ. ಒಂದೊಂದೇ ಖರ್ಚು ಬರೆದು ಕೂಡುತ್ತಾ ಹೋಗುವುದು. ಮಾವನ ಡೈರಿ, ಕರೆಂಟ್ ಬಿಲ್ಲು ಎಲ್ಲ ಹರಡಿಕೊಂಡು ಜಗಲಿಯಲ್ಲಿ ಕೂತೆವು. ಅತ್ತೆ ಕಾಫಿ ತಂದಿಟ್ಟು ಅಲ್ಲೇ ಕಂಬಕ್ಕೆ ಒರಗಿ ನಿಂತರು.

ಎರಕ ಬರುವುದು ಮೈಸೂರಿನಿಂದ. ಆ ವಾರದ ಧಾರಣೆ ಕಿಲೋಗೆ 800. 1.66 ಕಿಲೋಗೆ 1,328. ಕೆಳಗೆ ಬಿದ್ದ ಚೂರನ್ನು ಗುಜರಿಯವರು ಕಿಲೋಗೆ 400ರಂತೆ ಒಯ್ಯುತ್ತಾರೆ, 280 ವಾಪಸ್ ಬಂತು. ಲೋಹದ ನಿವ್ವಳ ಖರ್ಚು 1,050 ಅಂತಿಟ್ಟುಕೊಳ್ಳಿ. (ಇಲ್ಲೇ ನೋಡಿ, ನನ್ನ ಸೂತ್ರ ಮುಗಿದ ತೂಕ ಮಾತ್ರ ನೋಡುತ್ತಿತ್ತು. ಹಣ ಕೊಡುವುದು ಎರಕದ ತೂಕಕ್ಕೆ!)

ಮುಂದೆ ಲೇತಿನ ಗಂಟೆಗೆ ಎಷ್ಟು? ಟರ್ನರ್ ಸಂಬಳ ವರ್ಷಕ್ಕೆ 2,64,000. ಕರೆಂಟ್ 36,000. ಟೂಲು, ಆಯಿಲ್ಲು 40,000. ರಿಪೇರಿ 20,000. ಲೇತಿನ ಸವಕಳಿ 24,000. ಶೆಡ್ಡು ಮತ್ತಿತರ 36,000. ಒಟ್ಟು 4,20,000. ವರ್ಷಕ್ಕೆ 300 ದಿನ, ದಿನಕ್ಕೆ 8 ಗಂಟೆ, ಅಂದರೆ 2,400 ಗಂಟೆ. ಭಾಗಿಸಿದರೆ ಗಂಟೆಗೆ 175 ರೂಪಾಯಿ. ನಾನು ಖುಷಿಯಿಂದ 175 ಅಂತ ಬರೆದೆ.

ಮಾವ ಕನ್ನಡಕ ಏರಿಸಿ ನೋಡಿದರು. "2,400 ಗಂಟೆ ಎಲ್ಲಿ ಓಡ್ತದೆ? ಜೂನ್‌ನಿಂದ ಆಗಸ್ಟ್‌ವರೆಗೆ ಎಷ್ಟು ದಿನ ಕರೆಂಟ್ ಇರ್ತದೆ ಗೊತ್ತುಂಟಾ ನಿನಗೆ? ಮರ ಬಿದ್ರೆ ಮೂರು ದಿನ. ಇದ್ದ ದಿನವೂ ಕೆಲಸ ಎಲ್ಲಿ?"

ಡೈರಿ ನೋಡಿ ಕೂಡಿದೆವು. ಕಳೆದ ವರ್ಷ ಬಿಲ್ಲು ಮಾಡಿದ ಗಂಟೆ ಸುಮಾರು 1,400. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದ ವರ್ಷವಂತೂ ಡೈರಿಯಲ್ಲಿ ಎಷ್ಟೋ ಪುಟ ಖಾಲಿ. ಖರ್ಚು ಅಷ್ಟೇ, ಓಡಿದ ಗಂಟೆ ಕಡಿಮೆ. 4,20,000ವನ್ನು 1,400ರಿಂದ ಭಾಗಿಸಿದರೆ ಗಂಟೆಗೆ 300. ಕೆಳಗಿನ ಸಂಖ್ಯೆ ಬದಲಾಗಿದ್ದಕ್ಕೆ ಬೆಲೆ ಒಂದೂಮುಕ್ಕಾಲು ಪಟ್ಟಿನ ಹತ್ತಿರ ಹೋಯ್ತು. ಸಂಬಳ ಎಷ್ಟು, ಕರೆಂಟ್ ಎಷ್ಟು ಅಂತ ನಾವು ಮೇಲಿನ ಸಂಖ್ಯೆಗಾಗಿ ಗಂಟೆಗಟ್ಟಲೆ ಜಗಳ ಆಡುತ್ತೇವೆ, ಕೆಳಗಿನದನ್ನು ಸುಮ್ಮನೆ ಒಪ್ಪಿಕೊಂಡುಬಿಡುತ್ತೇವೆ.

ಒಂದು ಬುಷ್ಷಿಗೆ 40 ನಿಮಿಷ ಅಂತ ಲೇತಿನ ಹುಡುಗ ಹೇಳಿದ. ಗಂಟೆಗೆ 300ರಂತೆ 200 ರೂಪಾಯಿ.

ಮೈಸೂರಿಗೆ ಹೋಗಿ ಎರಕ ತರುವ ಖರ್ಚು ಒಂದು ಸಲಕ್ಕೆ 3,000. 50 ಪೀಸ್ ತಂದರೆ ಒಂದಕ್ಕೆ 60. ಡೀಲರ್ ಹೇಳುವ ಹಾಗೆ ತಿಂಗಳಿಗೆ ಹದಿನೈದೇ ತಂದರೆ ಒಂದಕ್ಕೆ 200! ಇದನ್ನೇ 1980ರ ದಶಕದ ಕೊನೆಗೆ ರಾಬಿನ್ ಕೂಪರ್ ಮತ್ತು ರಾಬರ್ಟ್ ಕಪ್ಲನ್ ಅನ್ನುವ ಪ್ರೊಫೆಸರುಗಳು ದೊಡ್ಡ ಸುದ್ದಿ ಮಾಡಿದ್ದು. ಕಾರ್ಖಾನೆಯ ಮೇಲುಖರ್ಚನ್ನು ಎಲ್ಲ ಪೀಸಿಗೂ ಸಮವಾಗಿ ಹಂಚಬೇಡಿ, ಯಾವ ಚಟುವಟಿಕೆಯಿಂದ ಖರ್ಚು ಹುಟ್ಟಿತೋ ಅದಕ್ಕೆ ಕಟ್ಟಿ ಅಂತ. ಹಾಗೆ ಕಟ್ಟಿದಾಗ, ಸಣ್ಣ ಸಣ್ಣ ಲಾಟಿನಲ್ಲಿ ಮಾಡುವ ವಸ್ತುಗಳು ಎಷ್ಟು ತಿನ್ನುತ್ತವೆ ಅನ್ನುವುದು ಬಯಲಾಗುತ್ತದೆ. ಮಾವನಿಗೆ ಕಪ್ಲನ್ ಗೊತ್ತಿಲ್ಲ. "ಹದಿನೈದು ಪೀಸಿಗೆಲ್ಲ ಮೈಸೂರಿಗೆ ಹೋಗ್ಲಿಕ್ಕಾಗ್ತದಾ" ಅಂತ ಮಾತ್ರ ಅಂದರು. ವಿಷಯ ಒಂದೇ. ನಾವು 50ರ ಲಾಟ್ ಅಂತ ಹಿಡಿದೆವು.

ನೂರರಲ್ಲಿ ಐದು ಎರಕದೊಳಗೆ ಬ್ಲೋ ಹೋಲ್ ಇರುತ್ತದೆ. ಕೊರೆದ ಮೇಲೇ ಕಾಣುವುದು. ಗುಜರಿ ಬೆಲೆ ಕಳೆದು, ಆ ನಷ್ಟವನ್ನು ಒಳ್ಳೇ ಪೀಸುಗಳ ಮೇಲೆ ಹಾಕಿದರೆ ಒಂದಕ್ಕೆ 50. ಇನ್ನು ಫೌಂಡ್ರಿಗೆ ನಗದು ಕೊಡಬೇಕು, ಡೀಲರ್ ಕೊಡುವುದು 90 ದಿನಕ್ಕೆ. ತಿಂಗಳಿಗೆ ನೂರಕ್ಕೆ ಒಂದೂವರೆ ಬಡ್ಡಿ ಹಿಡಿದರೆ ಮೂರು ತಿಂಗಳಿಗೆ 60.

1,050, 200, 60, 50, 60. ಒಟ್ಟು 1,420. ಲಾಭ ಇನ್ನೂ ಸೇರಿಸಿಲ್ಲ. ನೂರಕ್ಕೆ ಹತ್ತು ಹಾಕಿದರೆ 1,560.

ಅಲ್ಲಿಗೆ ಒಂದೇ ಬುಷ್ಷಿಗೆ ಮೂರು ಬೆಲೆ: 1,750, 1,300, 1,560. ಯಾವುದು ನಿಜ? ನಾನು ಮೂರನೆಯದೇ ನಿಜ ಅಂತ ತೀರ್ಪು ಕೊಟ್ಟೆ. 1,300ಕ್ಕೆ ಒಪ್ಪಿದರೆ ಪೀಸಿಗೆ 120 ನಷ್ಟ, 200 ಪೀಸಿಗೆ ವರ್ಷಕ್ಕೆ 24,000 ರೂಪಾಯಿ ನಾವೇ ಡೀಲರ್‌ಗೆ ಕೊಟ್ಟ ಹಾಗೆ. "ಬೇಡ ಅನ್ನಿ ಮಾವ" ಅಂದೆ.

ಅವರು ಕೂಡಲೇ ಹೂಂ ಅನ್ನಲಿಲ್ಲ. ಅಂಗಳದ ಆಚೆ ನೋಡುತ್ತಾ ಸ್ವಲ್ಪ ಹೊತ್ತು ಕೂತರು. ಆಮೇಲೆ ಕೇಳಿದರು:

"ಗಂಟೆಗೆ 300 ಅಂದೆಯಲ್ಲ. ಜನವರಿಯ ಗಂಟೆಯೂ ಜುಲೈಯ ಗಂಟೆಯೂ ಒಂದೇನಾ?"

ನಾನು ಬಾಯಿ ಮುಚ್ಚಿದೆ.

ಅವರು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಬರೆಯುತ್ತೇನೆ. ಡಿಸೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಲೇತಿಗೆ ಪುರುಸೊತ್ತೇ ಇರುವುದಿಲ್ಲ. ಆ ದಿನಗಳಲ್ಲಿ ತೋಟದ ರಿಪೇರಿಯಿಂದ ಗಂಟೆಗೆ 600ರ ಹಾಗೆ ಹುಟ್ಟುತ್ತದೆ ಅಂತ ಡೈರಿ ಹೇಳುತ್ತದೆ. ಆಗ ಡೀಲರ್‌ನ ಬುಷ್ ಹಿಡಿದು ಕೂತರೆ, 40 ನಿಮಿಷದಲ್ಲಿ ಕಳೆದುಕೊಳ್ಳುವುದು 200 ಅಲ್ಲ, 400. ಬುಷ್ಷಿನ ಖರ್ಚು 1,620 ಆಯ್ತು. ಜುಲೈಯಲ್ಲಿ ಲೇತು ಖಾಲಿ. ಆದರೂ ಹುಡುಗನಿಗೆ ಸಂಬಳ ಕೊಡಲೇಬೇಕು, ಮಳೆಗಾಲದಲ್ಲಿ ಬಿಟ್ಟರೆ ಡಿಸೆಂಬರಿಗೆ ಅವನು ಸಿಗುವುದಿಲ್ಲ. ಶೆಡ್ಡೂ ಇದೆ, ಲೇತೂ ಇದೆ. ಬುಷ್ ಮಾಡಿದ್ದಕ್ಕೆ ಹೊಸದಾಗಿ ಆಗುವ ಖರ್ಚು ಕರೆಂಟು ಮತ್ತು ಟೂಲು ಮಾತ್ರ. ಅವೆರಡರ ವರ್ಷದ ಖರ್ಚು 76,000, ಗಂಟೆಗೆ 54. 40 ನಿಮಿಷಕ್ಕೆ 36 ರೂಪಾಯಿ. ಬುಷ್ಷಿನ ಖರ್ಚು 1,256.

ಅದೇ ಬುಷ್, ಅದೇ ಲೇತು, ಅದೇ ಹುಡುಗ. ಜುಲೈಯಲ್ಲಿ 1,256, ಜನವರಿಯಲ್ಲಿ 1,620. ಡೀಲರ್ ಕೊಟ್ಟ 1,300 ಮಳೆಗಾಲಕ್ಕಾದರೆ ಸಣ್ಣ ಲಾಭ, ಸೀಸನ್ನಿಗಾದರೆ ದೊಡ್ಡ ನಷ್ಟ. ನನ್ನ 1,420 ವರ್ಷದ ಸರಾಸರಿ, ಅಷ್ಟೇ. ಸರಾಸರಿ ದಿನ ಅನ್ನುವುದು ಕೊಡಗಿನ ಕ್ಯಾಲೆಂಡರಿನಲ್ಲಿ ಎಲ್ಲೂ ಇಲ್ಲ.

ಇದು ಅರ್ಥಶಾಸ್ತ್ರದ ಪುಸ್ತಕಗಳಲ್ಲೂ ಇದೆ, ನಾನೂ ಓದಿ ಪರೀಕ್ಷೆ ಬರೆದವನೇ. ಆದರೆ ಹದಿನೈದು ವರ್ಷದಲ್ಲಿ ಒಬ್ಬ ಸಪ್ಲೈಯರ್‌ಗೂ "ನಿಮಗೆ ಯಾವ ತಿಂಗಳು ಖಾಲಿ?" ಅಂತ ನಾನು ಕೇಳಿಲ್ಲ. ನನ್ನ ಶೀಟಿನಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.

ಹಾಗಂತ ಮಳೆಗಾಲದ ಲೆಕ್ಕವನ್ನು ಎಲ್ಲದಕ್ಕೂ ಹಿಡಿಯುವ ಹಾಗೂ ಇಲ್ಲ. 1,256ರ ಲೆಕ್ಕದಲ್ಲಿ ಸಂಬಳವನ್ನು ಬೇರೆ ಯಾರೋ ಕೊಡುತ್ತಿದ್ದಾರೆ, ಅಂದರೆ ಸೀಸನ್ನಿನ ತೋಟದವರು. ವರ್ಷವಿಡೀ ಅದೇ ರೇಟಿಗೆ ಕೆಲಸ ಒಪ್ಪಿಕೊಂಡರೆ ಸಂಬಳ ಕೊಡುವವರು ಯಾರೂ ಉಳಿಯುವುದಿಲ್ಲ. ಹೊಸ ಲೇತು ಕೊಳ್ಳುವ ಮಾತಂತೂ ದೂರ. ಸಾಲದ ಕಂತು ಜುಲೈ, ಜನವರಿ ಅಂತ ನೋಡುವುದಿಲ್ಲವಲ್ಲ. ಖಾಲಿ ಗಂಟೆ ತುಂಬಿಸಲು ಒಂದು ಲೆಕ್ಕ, ಹೊಸ ಯಂತ್ರ ತರಲು ಇನ್ನೊಂದು ಲೆಕ್ಕ. ಮೊದಲನೆಯದರಲ್ಲಿ ಹೂಂ ಅಂದದ್ದನ್ನು ಎರಡನೆಯದಕ್ಕೆ ಬಳಸಿದರೆ ಅತ್ತೆಯ ಸರ ಮತ್ತೆ ಬ್ಯಾಂಕಿಗೆ.

ಇಲ್ಲಿ ಒಂದು ಹಳೇ ವಿಷಯ ಹೇಳಿಕೊಳ್ಳಬೇಕು. ಯಾರ ಹೆಸರೂ ಬೇಡ. ನಾನು ಈ ಕೆಲಸಕ್ಕೆ ಸೇರಿದ ಹೊಸತು. ಎರಡು ಲೇತು ಇಟ್ಟುಕೊಂಡಿದ್ದ ಒಬ್ಬರು ನಮಗೆ ಒಂದು ಪಿನ್ ಮಾಡಿಕೊಡುತ್ತಿದ್ದರು, ತಿಂಗಳಿಗೆ 60 ಪೀಸು. ನಾನು ಕಿಲೋ ಲೆಕ್ಕದ ಸೂತ್ರ ಹಾಕಿ, ನೂರಕ್ಕೆ 18 ಇಳಿಸಿ ಅಂತ ಕೂತೆ. ಅವರು ಏನೇನೋ ಹೇಳಿದರು: ಸಣ್ಣ ಲಾಟು ಸಾರ್, ಪ್ರತಿ ಸಲ ಸೆಟ್ಟಿಂಗ್ ಬದಲಾಯಿಸಬೇಕು ಸಾರ್ ಅಂತ. ನಾನು ಗ್ರಾಫ್ ತೋರಿಸಿದೆ. ಚುಕ್ಕೆಗಳೆಲ್ಲ ಗೆರೆಯ ಮೇಲೆ ಕೂತಿವೆ, ನಿಮ್ಮದೊಂದೇ ಮೇಲಿದೆ ಅಂತ. ಅವರಿಗೆ ಆಗ ಬೇರೆ ಕೆಲಸ ಇರಲಿಲ್ಲ, ಒಪ್ಪಿದರು. ನನಗೆ ಮೇಲಿನವರಿಂದ ಮೆಚ್ಚುಗೆಯ ಮೇಲ್ ಬಂತು. ಎಂಟು ತಿಂಗಳ ಮೇಲೆ ಅವರು ಫೋನ್ ಮಾಡಿ, "ಸಾರ್, ನಿಮ್ಮ ಲೆಕ್ಕ ಸರಿ ಇರಬಹುದು. ನನ್ನ ಲೇತಿಗೆ ಅದು ಅರ್ಥವಾಗಲಿಲ್ಲ" ಅಂದು ಕೆಲಸ ನಿಲ್ಲಿಸಿದರು. ಆ ಪಿನ್ನನ್ನು ನಾವು ಆಮೇಲೆ ಬೇರೆಯವರಿಂದ, ಇಳಿಸುವ ಮುಂಚಿನ ಬೆಲೆಗಿಂತಲೂ ಹೆಚ್ಚು ಕೊಟ್ಟು ತಂದೆವು. ಅದಕ್ಕೆ ಯಾವ ಮೇಲೂ ಬರಲಿಲ್ಲ.

ಅವರ ಚುಕ್ಕೆ ಗೆರೆಯ ಮೇಲೆ ಇದ್ದದ್ದು ಅವರ ತಪ್ಪಲ್ಲ. ಆ ಗೆರೆಯನ್ನು ಎಳೆಯುವಾಗ ಅವರಂಥವರನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಜಗಲಿಯಲ್ಲಿ ಮಾವನ ಡೈರಿ ಎದುರಿಗಿಟ್ಟುಕೊಂಡು ಕೂತಾಗ ನನಗೆ ನೆನಪಾದದ್ದು ಆ ಫೋನ್ ಕರೆ.

ಸರಿ, ಮುಂದೇನಾಯ್ತು? ಡೀಲರ್ ಹತ್ತಿರ ಮಾವನೇ ಮಾತಾಡಿದರು, ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ಅವರ ಮೊದಲ ಮಾತೇ ನನ್ನ ಲೆಕ್ಕದ ಯಾವ ಸಾಲಿನಲ್ಲೂ ಇರಲಿಲ್ಲ: "ಲೋಹ ನೀವೇ ಕೊಡಿ. ನಾನು ಕೂಲಿಗೆ ಮಾಡಿಕೊಡ್ತೇನೆ."

ಯೋಚಿಸಿದರೆ ಎಷ್ಟು ಸರಳ ನೋಡಿ. 1,420ರಲ್ಲಿ 1,050 ಲೋಹವೇ. ಗನ್‌ಮೆಟಲ್ ಅಂದರೆ ಹೆಚ್ಚುಪಾಲು ತಾಮ್ರ. ಬುಷ್ಷಿಗೆ ಬಳಸುವ ಮಾಮೂಲಿ ಜಾತಿಯಲ್ಲಿ ನೂರಕ್ಕೆ 85 ತಾಮ್ರ, ತವರ, ಸತು, ಸೀಸ ತಲಾ 5. ತಾಮ್ರದ ಬೆಲೆ ಲಂಡನ್ನಿನ ಪೇಟೆಯಲ್ಲಿ ದಿನಾ ಏರಿಳಿಯುತ್ತದೆ. ವರ್ಷಕ್ಕೆಲ್ಲ ಒಂದೇ ರೇಟಿಗೆ ಸಹಿ ಹಾಕಿದರೆ ಮಾವ ಬುಷ್ ಮಾಡುವುದರ ಜೊತೆಗೆ ತಾಮ್ರದ ಜೂಜನ್ನೂ ಆಡಿದ ಹಾಗೆ. ಲೋಹ ಡೀಲರ್‌ನದ್ದಾದರೆ ಮೈಸೂರಿನ ಓಡಾಟ ಇಲ್ಲ, ಎರಕದ ಮೇಲಿನ ಬಡ್ಡಿ ಇಲ್ಲ, ಬ್ಲೋ ಹೋಲ್ ಬಂದರೆ ಹೋಗುವುದು ಕೂಲಿ ಮಾತ್ರ. ನಾನು ಪೈಸೆ ಪೈಸೆ ಅಂದಾಜು ಮಾಡುತ್ತಿದ್ದ ಸಾಲುಗಳನ್ನು ಮಾವ ಒಂದೇ ಮಾತಿನಲ್ಲಿ ಅಳಿಸಿಹಾಕಿದರು.

ಕೂಲಿ ಎಷ್ಟು? ಜೂನ್‌ನಿಂದ ಅಕ್ಟೋಬರ್‌ವರೆಗೆ ಪೀಸಿಗೆ 250. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ 450. ಲೇತಿನ ಚೂರು ವಾಪಸ್ ಡೀಲರ್‌ಗೆ. ಡೀಲರ್ ನಕ್ಕ. "ಒಂದೇ ಬುಷ್ಷಿಗೆ ಎರಡು ರೇಟಾ?" ಅಂದ. "ಒಂದೇ ಬಸ್ಸಿಗೆ ದಸರಾದಲ್ಲಿ ಒಂದು ರೇಟು, ಬೇರೆ ದಿನ ಒಂದು ರೇಟು ಕೊಡ್ತೀರಲ್ಲ" ಅಂದರು ಮಾವ. 450 ಅವನು ಒಪ್ಪಲಿಲ್ಲ. ಮಳೆಗಾಲದಲ್ಲಿ 200 ಪೀಸ್ ಮಾಡಿಸಿ ಸೀಸನ್‌ವರೆಗೆ ಗೋಡೌನಿನಲ್ಲಿ ಇಡಲೂ ಒಪ್ಪಲಿಲ್ಲ, ಅಷ್ಟು ಹಣ ಕಟ್ಟಿಹಾಕಿಕೊಳ್ಳಲು ಅವನಿಗೂ ಕಷ್ಟ. ಕೊನೆಗೆ 100 ಪೀಸ್, 250ರಂತೆ, ಅಕ್ಟೋಬರ್ ಒಳಗೆ ಅಂತ ಆಯ್ತು. ಖಾಲಿ ಇರುವ ಲೇತಿಗೆ 67 ಗಂಟೆಯ ಕೆಲಸ, 25,000 ರೂಪಾಯಿ. ದೊಡ್ಡ ಮೊತ್ತವಲ್ಲ. ಟರ್ನರ್‌ನ ಒಂದು ತಿಂಗಳ ಸಂಬಳ ಕಳೆದು ಸ್ವಲ್ಪ ಉಳಿಯುತ್ತದೆ.

ಸೆಕೆಂಡ್ ಹ್ಯಾಂಡ್ ಲೇತಿನ ವಿಚಾರ ಅಲ್ಲಿಗೇ ನಿಂತಿತು. ಮಾವನಿಗೆ ಬೇಜಾರಾಗಿದೆ, ನನಗೂ ಗೊತ್ತು. ಅವರು ಎರಡು ಲೇತಿನ ವರ್ಕ್‌ಶಾಪಿನ ಕನಸು ಕಾಣುತ್ತಾ ಇಪ್ಪತ್ತು ವರ್ಷವಾಯ್ತು. ಅತ್ತೆ ಮಾತ್ರ ಆ ರಾತ್ರಿ ನನಗೆ ಎರಡು ಕಡುಬು ಹೆಚ್ಚು ಬಡಿಸಿದರು.

ಮೊದಲ ಲಾಟ್ 30 ಪೀಸ್ ಮುಗಿದಿದೆ. ನಾನು ಕೇಳಿಕೊಂಡಿದ್ದಕ್ಕೆ ಹುಡುಗ ಪ್ರತಿ ಪೀಸಿಗೂ ಸಮಯ ಬರೆದಿಟ್ಟಿದ್ದಾನೆ. ಮೊದಲನೆಯದಕ್ಕೆ 55 ನಿಮಿಷ, ಕೊನೆಯದಕ್ಕೆ 34, ಸರಾಸರಿ 41. ಟಿ.ಪಿ. ರೈಟ್ ಅನ್ನುವ ಅಮೆರಿಕದ ಎಂಜಿನಿಯರ್ ವಿಮಾನ ಕಟ್ಟುವುದರಲ್ಲಿ ಇದನ್ನೇ ಗಮನಿಸಿ 1936ರಲ್ಲಿ ಬರೆದಿದ್ದ. ಮಾಡಿದ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಕೂಲಿಯ ಖರ್ಚು ಹಿಂದಿನದರ ನೂರಕ್ಕೆ 80ಕ್ಕೆ ಇಳಿಯುತ್ತದೆ ಅಂತ. ನಮ್ಮಲ್ಲಿ ಇದಕ್ಕೆ ಕೈ ಕುದುರುವುದು ಅನ್ನುತ್ತೇವೆ. ಆದರೆ ಮಾವನ ಲೇತಿನಲ್ಲಿ ರೈಟ್ ಹೇಳಿದಷ್ಟು ಇಳಿಯಲಿಲ್ಲ. ಹಿಡಿಯುವುದು, ಅಳೆಯುವುದು, ಟೂಲು ಬದಲಿಸುವುದು ಇಂಥದ್ದರಲ್ಲಿ ಕೈ ಕುದುರುತ್ತದೆ. ಲೋಹ ಕತ್ತರಿಸುವ ವೇಗ ಮೊದಲನೇ ಪೀಸಿಗೂ ಮೂವತ್ತನೆಯದಕ್ಕೂ ಒಂದೇ. ಅದಕ್ಕೇ ಇನ್ನೊಬ್ಬರ ಸೂತ್ರವನ್ನು ಹಾಗೇ ಎತ್ತಿಕೊಳ್ಳಬಾರದು.

ಈಗ ಯಾರಾದರೂ ಯಾವ ಪದ್ಧತಿ ಒಳ್ಳೆಯದು ಅಂತ ಕೇಳಿದರೆ ನಾನು ಮೊದಲು ಕೇಳುವುದು, ಬೆಲೆ ಯಾಕೆ ಬೇಕು ಅಂತ. ಫೋನಿನಲ್ಲೇ ಹೂಂ, ಉಹೂಂ ಹೇಳಬೇಕಿದ್ದರೆ ಹಳೇ ಪೀಸಿನ ಹೋಲಿಕೆ ಸಾಕು. ಇನ್ನೂ ನಕ್ಷೆಯಲ್ಲೇ ಇರುವ ವಸ್ತುವಿಗೆ ಸೂತ್ರ ಬೇಕು, ಅದೂ ಅಂಥದ್ದೇ ಜಾಗದಲ್ಲಿ, ಅಷ್ಟೇ ಸಂಖ್ಯೆಯಲ್ಲಿ ಮಾಡಿದ ಬೆಲೆಗಳಿಂದ ಹುಟ್ಟಿದ್ದಾದರೆ. ಸಹಿ ಹಾಕುವ ಮುಂಚೆ, ಸಾಲ ತೆಗೆಯುವ ಮುಂಚೆ ಬುಡದಿಂದ ಕೂಡಲೇಬೇಕು, ಲಾಟಿನ ಲೆಕ್ಕವನ್ನೂ ಸೇರಿಸಿ. ಅಷ್ಟೆಲ್ಲ ಆದ ಮೇಲೆ ಲೇತಿನ ಪಕ್ಕ ಇರುವವರನ್ನು ಜನವರಿ, ಜುಲೈ ಪ್ರಶ್ನೆ ಕೇಳಬೇಕು.

ಆಫೀಸಿಗೆ ವಾಪಸ್ ಬಂದು ನನ್ನ ಶೀಟಿಗೆ ಎರಡು ಕಾಲಮ್ ಸೇರಿಸಿದ್ದೇನೆ. ಒಂದು ಲಾಟಿನ ಸಂಖ್ಯೆ, ಇನ್ನೊಂದು ಖಾಲಿ ತಿಂಗಳು. ಮ್ಯಾನೇಜರ್ ನೋಡಿ "ಇದೇನಿದು?" ಅಂದರು. ವಿವರಿಸಿದೆ. "ಹ್ಞೂಂ, ನೋಡೋಣ" ಅಂದರು. ನೋಡುತ್ತಾರೋ ಇಲ್ಲವೋ.

ನಿನ್ನೆ ರಾತ್ರಿ ಮಾವನಿಗೆ ಫೋನ್ ಮಾಡಿದ್ದೆ. ಎರಡು ದಿನದಿಂದ ಕರೆಂಟ್ ಇಲ್ಲವಂತೆ, ಮೂವತ್ತೊಂದನೇ ಬುಷ್ ಲೇತಿನಲ್ಲೇ ಕಚ್ಚಿಕೊಂಡು ಕೂತಿದೆಯಂತೆ. "ಗಂಟೆಗೆ 300ರ ಹಾಗೆ ಬರ್ಕೊ" ಅಂತ ನಕ್ಕರು.

ನಿಮ್ಮ ಊರುಗಳಲ್ಲಿ ಕಮ್ಮಾರರು, ಮರಗೆಲಸದವರು, ನೇಕಾರರು ಬೆಲೆ ಹೇಗೆ ಹಾಕುತ್ತಾರೆ? ಅವರಿಗೂ ಜನವರಿ, ಜುಲೈ ಇದೆಯಾ? ಗೊತ್ತಿದ್ದವರು ದಯವಿಟ್ಟು ಬರೆಯಿರಿ. ನನಗೆ ಕಲಿಯುವುದು ಇನ್ನೂ ಬೇಕಾದಷ್ಟಿದೆ ಅಂತ ಈಗಷ್ಟೇ ಗೊತ್ತಾಗಿದೆ.